ಮೀಸೆಯಿಲ್ಲದ ಅಜ್ಜ

ಮೂವತ್ತೊಂದು ವರ್ಷ ನಾನು ಮುದುಕನಾಗಿದ್ದೆ. ನಗಬೇಡಿ. ಇಪ್ಪತ್ನಾಲ್ಕನೇ ವಯಸ್ಸಿಗೇ ನನಗೆ ದಪ್ಪ ಮೀಸೆ ಬಂದಿತ್ತು, ಹಣೆಯ ಮೇಲೆ ನಾಲ್ಕು ಸುಕ್ಕು, ಮೂಗಿನ ಮೇಲೆ ದುಂಡು ಕನ್ನಡಕ. ವಾರಪತ್ರಿಕೆಯ ಆರನೇ ಪುಟದ ಎಡಮೂಲೆಯಲ್ಲಿ ಪ್ರತಿ ಗುರುವಾರ ಆ ಮುಖ ಬರುತ್ತಿತ್ತು. ಅದರ ಪಕ್ಕದಲ್ಲಿ 'ಹೊಲದಜ್ಜನ ಮಾತು' ಎಂಬ ಅಂಕಣ. ಅಂಕಣದ ಒಂದೊಂದು ಅಕ್ಷರವೂ ನನ್ನದು, ಮುಖ ಮಾತ್ರ ನಮ್ಮ ಪತ್ರಿಕೆಯ ಚಿತ್ರಕಾರನ ಮಾವನದು. ಮಗಳನ್ನು ನೋಡಲು ಬಂದ ಆ ಮಾವ ಮೂರು ತಿಂಗಳಾದರೂ ಹೊರಡುವ ಮಾತೆತ್ತಿರಲಿಲ್ಲವಂತೆ. ಹೇಗೂ ಸುಮ್ಮನೆ ಕೂತಿದ್ದಾರಲ್ಲ ಎಂದು ಚಿತ್ರಕಾರ ಅವರನ್ನೇ ಬರೆದುಬಿಟ್ಟ. ಬೇಸಾಯದ ಗಂಧಗಾಳಿ ಇಲ್ಲದ ಮನುಷ್ಯ, ಕುಂಡದಲ್ಲಿ ಒಂದು ಗಿಡ ನೆಟ್ಟವರೂ ಅಲ್ಲ.

ನಾನು ಆಗ ಪತ್ರಿಕೆಯಲ್ಲಿ ಕರಡು ತಿದ್ದುವವಳು. ಮಹಡಿ ಮೆಟ್ಟಿಲ ಕೆಳಗಿನ ಕೋಣೆ ನನ್ನದು. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತಿತ್ತು. ಒಂದು ಬಲ್ಬು, ಒಂದು ಮೇಜು, ಮೇಜಿನ ಗಿಡ್ಡ ಕಾಲಿನ ಕೆಳಗೆ ಎಂಟಾಗಿ ಮಡಿಸಿದ ಹಳೇ ಪತ್ರಿಕೆ. ಕೃಷಿ ಅಂಕಣವನ್ನು ಆಗ ಒಬ್ಬ ನಿವೃತ್ತ ಅಧಿಕಾರಿ ಬರೆಯುತ್ತಿದ್ದರು. ಅದನ್ನು ತಿದ್ದುವಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಏಕೆಂದರೆ ನಾನು ಏಳನೇ ವಯಸ್ಸಿನಿಂದ ಸೋದರತ್ತೆಯ ತರಕಾರಿ ತೋಟದಲ್ಲಿ ಬೆಳೆದವಳು. ಅತ್ತೆ ನನಗೆ ಅಕ್ಷರಕ್ಕಿಂತ ಮೊದಲು ಕಳೆ ಕೀಳುವುದನ್ನು ಕಲಿಸಿದ್ದಳು. ಒಂದು ವಾರ ಆ ಅಧಿಕಾರಿ, ಟೊಮೆಟೊ ಸಸಿಗಳನ್ನು ನಡುಮಧ್ಯಾಹ್ನ ನಾಟಿ ಮಾಡಿದರೆ ಬಿಸಿಲು ಚೆನ್ನಾಗಿ ಸಿಗುತ್ತದೆ ಎಂದು ಬರೆದರು. ಪಾಪದ ಸಸಿಗಳು ಸಂಜೆಯೊಳಗೆ ಮಕಾಡೆ ಮಲಗುತ್ತವೆ. ನನಗೆ ಮೂಗಿನ ತುದಿಯಲ್ಲೇ ಕೋಪ. 'ಮಧ್ಯಾಹ್ನ' ಹೊಡೆದುಹಾಕಿ 'ಸಂಜೆ' ಎಂದು ತಿದ್ದಿದೆ. ಅವರು ಅಚ್ಚಾದದ್ದನ್ನು ನೋಡಿ ಸಂಪಾದಕರ ಕೋಣೆಯಲ್ಲಿ ಕೂಗಾಡಿ, ಇನ್ನು ಒಂದು ಸಾಲೂ ಬರೆಯುವುದಿಲ್ಲವೆಂದು ಬಾಗಿಲು ಬಡಿದು ಹೋದರು.

ಹಿರಿಯ ಸಂಪಾದಕರು ನನ್ನ ಕೋಣೆಗೆ ಇಳಿದು ಬಂದರು. ಮುಂದಿನ ಸಂಚಿಕೆಯ ಅಚ್ಚಿಗೆ ಎರಡು ಗಂಟೆ ಇತ್ತು, ಆರನೇ ಪುಟದಲ್ಲಿ ಒಂದು ದೊಡ್ಡ ತೂತು ಬಿದ್ದಿತ್ತು. ಕೆಡಿಸಿದವಳು ನೀನು, ತುಂಬುವವಳೂ ನೀನೇ ಎಂದರು. ನಾನು ಗೊಬ್ಬರದ ಗುಂಡಿಯ ಬಗ್ಗೆ ಬರೆದೆ. ಗುಂಡಿ ಎಷ್ಟು ಆಳ ಇರಬೇಕು, ಯಾವಾಗ ಮಗುಚಬೇಕು, ಒಳಗೆ ಕೈ ಹಾಕಿದರೆ ಎಷ್ಟು ಬಿಸಿ ಇದ್ದರೆ ಅದು ಪಕ್ವವಾಗುತ್ತಿದೆ ಎಂದು ತಿಳಿಯಬೇಕು, ಎಲ್ಲ ಅತ್ತೆಯ ಬಾಯಿಂದ ಕೇಳಿದ್ದೇ. ಅವರು ನಿಂತಲ್ಲೇ ಎರಡು ಸಲ ಓದಿದರು. ಚೆನ್ನಾಗಿದೆ ಎಂದರು. ಆದರೆ ಇಪ್ಪತ್ನಾಲ್ಕರ ಹುಡುಗಿ ಬುದ್ಧಿ ಹೇಳಿದರೆ ಯಾವ ರೈತ ಕೇಳುತ್ತಾನೆ, ಸದ್ಯಕ್ಕೆ ಯಾವುದೋ ಅಜ್ಜನ ಹೆಸರಲ್ಲಿ ಬರಲಿ, ಮುಂದಿನ ವರ್ಷ ನಿನ್ನ ಹೆಸರು ಹಾಕೋಣ ಎಂದರು. ನಾನು ಹೂಂ ಎಂದೆ. ಅಂಕಣ ಸಿಕ್ಕಿತಲ್ಲ, ಮೀಸೆ ಬಂದರೆ ಬರಲಿ ಎಂದುಕೊಂಡೆ.

ಆ 'ಮುಂದಿನ ವರ್ಷ' ಬರಲೇ ಇಲ್ಲ. ಪ್ರತಿ ವರ್ಷ ನಾನು ಕೇಳುವುದು, ಪ್ರತಿ ವರ್ಷ ಅವರು ಮುಂದಿನ ವರ್ಷ ಎನ್ನುವುದು. ಹಾಗೆನ್ನುತ್ತಲೇ ಅವರು ತೀರಿಕೊಂಡರು. ಒಳ್ಳೆಯ ಮನುಷ್ಯ, ಆದರೆ ಪುಕ್ಕಲು.

ಸೋಮವಾರ ನನಗೆ ರಜೆ. ಆ ದಿನ ಬೆಳಗಿನ ಮೊದಲ ಬಸ್ಸು ಹಿಡಿದು ಯಾರದಾದರೂ ಹೊಲಕ್ಕೆ ಹೋಗುತ್ತಿದ್ದೆ. ಕಣ್ಣಾರೆ ನೋಡದ್ದನ್ನು ಬರೆಯಬಾರದು ಎಂಬುದು ನಾನೇ ಹಾಕಿಕೊಂಡ ಕಟ್ಟಳೆ. ಅಜ್ಜನಿಗೆ ಮಂಡಿನೋವು, ನಾನು ಮೊಮ್ಮಗಳು, ನೋಡಿಕೊಂಡು ಬಾ ಎಂದು ಕಳಿಸಿದ್ದಾರೆ ಎನ್ನುತ್ತಿದ್ದೆ. ಜನ ನಂಬುತ್ತಿದ್ದರು. ಮಂಡಿಗೆ ಹಚ್ಚಲು ಎಣ್ಣೆ ಕೊಟ್ಟು ಕಳಿಸುತ್ತಿದ್ದರು. ಆ ಎಣ್ಣೆಯಲ್ಲಿ ನನ್ನವರು ಗಡಿಯಾರ ಬಿಟ್ಟು ಮನೆಯ ಬಾಗಿಲ ಕೀಲಿಗೆಲ್ಲ ಹಾಕಿ ಮುಗಿಸಿದರು. ನನ್ನವರದು ಗಡಿಯಾರ ರಿಪೇರಿ ಅಂಗಡಿ. ಕಾಲ ಕಳೆದಂತೆ ಜನ ನನ್ನನ್ನು ಅಜ್ಜನ ಮಗಳಾ ಎಂದು ಕೇಳತೊಡಗಿದರು. ಹೌದು ಎಂದೆ. ಮೂರು ವರ್ಷದ ಹಿಂದೆ ಒಬ್ಬ ಹೂ ಬೆಳೆಗಾರ ಬಹಳ ಗೌರವದಿಂದ ಕುರ್ಚಿ ಹಾಕಿ, ಅಜ್ಜನ ಮನೆಯವರಾ ಎಂದು ಕೇಳಿದ. ಅವತ್ತು ಮನೆಗೆ ಬಂದು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತೆ. ನನ್ನವರು ವಿಷಯ ಕೇಳಿ ನಕ್ಕು ನಕ್ಕು ಕಣ್ಣಿನ ಭೂತಗನ್ನಡಿ ಬೀಳಿಸಿಕೊಂಡರು. ಮನೆಯಲ್ಲಿ ಅವರು ನನ್ನನ್ನು ಕರೆಯುವುದೇ ಅಜ್ಜಾ ಎಂದು. ಅಜ್ಜಾ, ಕಾಫಿ ಆಯ್ತಾ ಎನ್ನುವರು. ಪಕ್ಕದ ಮನೆಯವರು ನಮ್ಮ ಮನೆಯಲ್ಲಿ ಯಾರೋ ಮಂಚ ಹಿಡಿದ ಮುದುಕರಿದ್ದಾರೆ ಎಂದೇ ತಿಳಿದಿದ್ದರು.

ಅಂಕಣದ ಎರಡನೇ ವರ್ಷ ನಾನೊಂದು ದೊಡ್ಡ ತಪ್ಪು ಮಾಡಿದೆ. ಆಲೂಗಡ್ಡೆಯ ಬೀಜದ ಗಡ್ಡೆಗಳನ್ನು ಕತ್ತರಿಸಿದ ದಿನವೇ ನೆಟ್ಟುಬಿಡಿ ಎಂದು ಬರೆದೆ. ಅತ್ತೆ ಹಾಗೇ ಮಾಡುತ್ತಿದ್ದಳು, ಅವಳದು ಮರಳುಮಣ್ಣು, ನೀರು ನಿಲ್ಲುತ್ತಿರಲಿಲ್ಲ, ಏನೂ ಆಗುತ್ತಿರಲಿಲ್ಲ. ಜೇಡಿಮಣ್ಣಿನವರು ಹಾಗೆ ನೆಟ್ಟರೆ ಕತ್ತರಿಸಿದ ಹಸಿ ಗಾಯ ಕೊಳೆಯುತ್ತದೆ, ಎರಡು ಮೂರು ದಿನ ನೆರಳಲ್ಲಿ ಹರಡಿ ಗಾಯ ಮಾಗಲು ಬಿಡಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಒಂದು ಕಾರ್ಡು ಬಂತು. 'ಅಜ್ಜಾ, ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತೀಯೇನಯ್ಯಾ?' ಎಂದಷ್ಟೇ ಬರೆದು ವಿಳಾಸ ಕೊಟ್ಟಿದ್ದರು. ಸೋಮವಾರದವರೆಗೂ ಕಾಯಲಾಗದೆ ಮರುದಿನವೇ ಹೋದೆ. ಬಡಕಲು ಮೈಯ ಒಬ್ಬ ಮನುಷ್ಯ ಸಾಲು ಬಗೆದು, ಕೊಳೆತ ಒಂದು ಹೋಳನ್ನು ನನ್ನ ಅಂಗೈಯಲ್ಲಿಟ್ಟು, ಇದನ್ನ ನಿಮ್ಮಜ್ಜನಿಗೆ ಕೊಡಮ್ಮ ಎಂದರು. ಆ ವಾಸನೆ ಮೂರು ದಿನ ನನ್ನ ಕೈ ಬಿಡಲಿಲ್ಲ.

ತಪ್ಪೊಪ್ಪಿಕೊಂಡರೆ ಪತ್ರಿಕೆಯ ಮರ್ಯಾದೆ ಹೋಗುತ್ತದೆ, ಸುಮ್ಮನಿರು ಎಂದರು ಹಿರಿಯ ಸಂಪಾದಕರು. ಆದರೆ ಪುಟದ ಮೇಲೆ ಕೊನೆಯ ಕೈ ಯಾರದು? ಕರಡು ತಿದ್ದುವವಳದು. ಎಲ್ಲರೂ ಸಹಿ ಹಾಕಿದ ಮೇಲೆ ಅಂಕಣದ ಬುಡದಲ್ಲಿ ಆರು ಸಾಲು ಸೇರಿಸಿದೆ: ಆಲೂಗಡ್ಡೆಯ ವಿಷಯದಲ್ಲಿ ತಪ್ಪು ನನ್ನದು, ನನ್ನ ಮಾತು ಕೇಳಿ ಕೆಟ್ಟವರು ನನ್ನನ್ನು ಬಯ್ಯಿರಿ, ಸರಿಯಾದ ಕ್ರಮ ಹೀಗೆ. ಗುರುವಾರ ಸಂಪಾದಕರು ನನ್ನನ್ನು ಕೆಲಸದಿಂದ ತೆಗೆಯುತ್ತೇನೆಂದು ಹಾರಾಡಿದರು. ಮುಂದಿನ ಗುರುವಾರದೊಳಗೆ ನೂರಾಹನ್ನೆರಡು ಪತ್ರ ಬಂದವು. ಬಯ್ದವರು ಒಂಬತ್ತೇ ಮಂದಿ. ಉಳಿದವರೆಲ್ಲ, ಇಷ್ಟು ವರ್ಷದಲ್ಲಿ ನಮಗೆ ಬುದ್ಧಿ ಹೇಳಿದ ಯಾರೂ ತಪ್ಪಾಯ್ತು ಅಂದದ್ದಿಲ್ಲ ಎಂದು ಬರೆದಿದ್ದರು. ಸಂಪಾದಕರು ಕೆಲಸದಿಂದ ತೆಗೆಯುವ ಮಾತು ಬಿಟ್ಟರು. ಅಂದಿನಿಂದ ವರ್ಷದ ಕೊನೆಯ ಸಂಚಿಕೆಯಲ್ಲಿ 'ಈ ವರ್ಷ ನಾನು ತಪ್ಪಿದ್ದು' ಎಂಬ ಪಟ್ಟಿ ಬರುವುದು ರೂಢಿಯಾಯಿತು. ಜನ ಅದನ್ನು ಕತ್ತರಿಸಿ ದನದ ಕೊಟ್ಟಿಗೆಯ ಬಾಗಿಲಿಗೆ ಅಂಟಿಸುತ್ತಿದ್ದರು. ನನ್ನ ಬದುಕಿನಲ್ಲಿ ನನಗೆ ಅತಿ ಹೆಮ್ಮೆ ಇರುವುದು ಆ ಪಟ್ಟಿಗಳ ಬಗ್ಗೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಹೋದ ವರ್ಷ ನಡೆದದ್ದು ನಿಮಗೆ ಅರ್ಥವಾಗಬೇಕು. ಹಿರಿಯರ ಮಗ ಈಗ ಸಂಪಾದಕ. ನಾನು ಅವನನ್ನು ಮರಿ ಸಂಪಾದಕ ಎನ್ನುತ್ತೇನೆ, ಎದುರಿಗಲ್ಲ. ಚಿಕ್ಕವನಿದ್ದಾಗ ನನ್ನ ಮೇಜಿನ ಕೆಳಗೆ ಕೂತು ಕರಡು ಕಾಗದದಲ್ಲಿ ದೋಣಿ ಮಾಡುತ್ತಿದ್ದವನು ಈಗ ನನ್ನನ್ನು ಮೇಡಂ ಎನ್ನುತ್ತಾನೆ. ಅವನಿಗೆ ಅಂಕಣದ ಇನ್ನೂರು ಬರಹಗಳನ್ನು ಆರಿಸಿ ಪುಸ್ತಕ ಮಾಡುವ ಹುಮ್ಮಸ್ಸು ಬಂತು. ನಾನು ನಾಲ್ಕು ತಿಂಗಳು ಕೂತು ಆರಿಸಿದೆ, ತಿದ್ದಿದೆ, ಹಳೆಯ ತಪ್ಪುಗಳಿಗೆ ಅಡಿಟಿಪ್ಪಣಿ ಹಾಕಿದೆ. ಬೆಳೆಗಾರರ ಸಂಘದವರು ಸುದ್ದಿ ತಿಳಿದು, ಬಿಡುಗಡೆ ನಮ್ಮಲ್ಲೇ ಆಗಬೇಕು, ಅಜ್ಜನಿಗೆ ಪದಕ ಕೊಡುತ್ತೇವೆ, ಮಂಡಿ ನೋವಾದರೆ ಕುರ್ಚಿಯಲ್ಲಿ ಹೊತ್ತು ತರುತ್ತೇವೆ ಎಂದು ಹಟ ಹಿಡಿದರು. ಅಷ್ಟರಲ್ಲಿ ಮೊದಲ ಪುಟದ ಕರಡು ನನ್ನ ಮೇಜಿಗೆ ಬಂತು. ಲೇಖಕರು: ಹೊಲದಜ್ಜ. ಮೇಲೆ ಆ ಮಾವನ ಮೀಸೆ.

ಮೂವತ್ತೊಂದು ವರ್ಷ ತಡೆದುಕೊಂಡದ್ದನ್ನು ಆ ಒಂದು ಸಾಲು ನೋಡಿ ತಡೆಯಲಾಗಲಿಲ್ಲ. ಪತ್ರಿಕೆ ಎಂದರೆ ವಾರ ಕಳೆದರೆ ಪೊಟ್ಟಣ ಕಟ್ಟುವ ಕಾಗದ. ಪುಸ್ತಕ ಹಾಗಲ್ಲ, ನಾನು ಸತ್ತ ಮೇಲೂ ಯಾರದೋ ಮನೆಯ ಗೂಡಿನಲ್ಲಿ ಇರುತ್ತದೆ. ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಾದರೂ ನನ್ನ ಹೆಸರು ಹಾಕು ಎಂದು ಹೋಗಿ ಕೇಳಿದೆ. ಅವನು ಬಾಗಿಲು ಹಾಕಿ, ಮೆತ್ತಗೆ, ಬಹಳ ಮರ್ಯಾದೆಯಿಂದ ಹೇಳಿದ.

"ಮೇಡಂ, ಅಜ್ಜ ಇಲ್ಲ ಅಂತ ಗೊತ್ತಾದ ದಿನ ಅಂಕಣಾನೂ ಇರಲ್ಲ. ಮೂವತ್ತು ವರ್ಷ ಮೋಸ ಮಾಡಿದ್ರು ಅಂತಾರೆ. ನಿಮಗೆ ಹೆಸರು ಬೇಕೋ ಅಂಕಣ ಬೇಕೋ, ನೀವೇ ಹೇಳಿ."

ಅತ್ತ ದರಿ ಇತ್ತ ಪುಲಿ. ಮನೆಗೆ ಬಂದು ಅತ್ತೆ, ಚೆನ್ನಾಗಿ ಅತ್ತೆ, ಕೋಪದಲ್ಲಿ ಅತ್ತೆ. ನನ್ನವರು ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟು, ನಾನಾಗಿದ್ದರೆ ಹೆಸರು ಕೇಳುತ್ತಿದ್ದೆ, ಆದರೆ ಸೋಮವಾರದ ಬಸ್ಸು ತಪ್ಪಿದರೆ ನೀನು ಬದುಕುವವಳಲ್ಲ ಎಂದರು. ನಿಜ. ಹೊಲ ನೋಡುವುದು, ಗುರುವಾರಕ್ಕೆ ಬರೆಯುವುದು, ಅದಿಲ್ಲದೆ ನಾನು ಯಾರು? ಅಂಕಣ ಬೇಕು ಎಂದು ಹೇಳಿಬಂದೆ. ಮರಿ ಸಂಪಾದಕನ ಮುಖ ಅರಳಿತು. ಹಾಗಾದರೆ ಅಜ್ಜನ ಪಾತ್ರಕ್ಕೆ ಒಬ್ಬರನ್ನು ಗೊತ್ತುಮಾಡಿದ್ದೇನೆ ಎಂದ. ಆಮೇಲೆ ಅವನು ಕೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: ಅವರು ಓದಬೇಕಾದ ಭಾಷಣವನ್ನೂ ನೀವೇ ಬರೆದುಕೊಡಿ ಮೇಡಂ, ನಿಮ್ಮಷ್ಟು ಚೆನ್ನಾಗಿ ಅಜ್ಜನ ಹಾಗೆ ಬರೆಯೋರು ಬೇರೆ ಯಾರಿದ್ದಾರೆ.

ಬರೆದುಕೊಟ್ಟೆ. ಬುದ್ಧಿ ಇರುವವಳು ಮಾಡುವ ಕೆಲಸವಲ್ಲ, ಮಾಡಿದೆ.

ಗೊತ್ತುಮಾಡಿದವರು ನಿವೃತ್ತ ಪೋಸ್ಟ್‌ಮಾಸ್ಟರು. ಎತ್ತರದ ಆಳು, ಬೆಳ್ಳಿಯಂಥ ಮೀಸೆ, ಗಂಭೀರ ದನಿ. ಅವರ ಮೇಲೆ ನನಗೆ ಕೋಪವಿಲ್ಲ. ಎರಡು ಸಲ ಮನೆಗೆ ಬಂದು ಭಾಷಣ ಓದಿ ಅಭ್ಯಾಸ ಮಾಡಿದರು, ನನ್ನವರ ಹತ್ತಿರ ನಿಂತುಹೋದ ಕೈಗಡಿಯಾರ ಸರಿಮಾಡಿಸಿಕೊಂಡರು. ಯಾರು ಏನು ಕೇಳಿದರೂ, ಪತ್ರ ಬರೆಯಿರಿ, ಅಂಕಣದಲ್ಲಿ ಉತ್ತರ ಕೊಡುತ್ತೇನೆ ಎನ್ನಬೇಕು, ಬೇರೆ ಒಂದಕ್ಷರ ಆಡಬಾರದು ಎಂದು ಹೇಳಿಕೊಟ್ಟಿದ್ದೆ. ನಲವತ್ತು ವರ್ಷ ಪತ್ರ ಹಂಚಿದ್ದೇನಮ್ಮ, ಪತ್ರ ಬರೆಯಿರಿ ಅನ್ನೋಕೆ ಬರಲ್ವಾ ಎಂದು ನಕ್ಕಿದ್ದರು.

ಸಭೆ ನಡೆದದ್ದು ಸಂಘದ ಗೋದಾಮಿನಲ್ಲಿ. ಮೂಟೆಗಳನ್ನು ಗೋಡೆಗೆ ಒತ್ತರಿಸಿ ನಡುವೆ ಬೆಂಚು ಹಾಕಿದ್ದರು. ನಾನೂರು ಜನ. ಮುಕ್ಕಾಲು ಪಾಲು ಮಂದಿಯ ಕೈಯಲ್ಲಿ ಒಂದೊಂದು ಚೀಲ, ಒಳಗೆ ಎಲೆ, ಕಾಯಿ, ಮಣ್ಣು, ಹುಳ. ಅಜ್ಜನನ್ನು ಕಣ್ಣಾರೆ ಕಂಡು ಕೇಳಲು ತಂದದ್ದು. ವೇದಿಕೆಯ ಮೇಲೆ ಸಂಘದ ಅಧ್ಯಕ್ಷೆ, ನಲವತ್ತು ಹಸು ಸಾಕಿದ ಗಟ್ಟಿ ಹೆಂಗಸು. ಅವರ ಒಂದು ಪಕ್ಕ ಮರಿ ಸಂಪಾದಕ, ಇನ್ನೊಂದು ಪಕ್ಕ ಪೋಸ್ಟ್‌ಮಾಸ್ಟರು. ನಾನು ನಾಲ್ಕನೇ ಸಾಲಿನ ತುದಿಯಲ್ಲಿ, ನನ್ನವರ ಪಕ್ಕ. ತುಟಿ ಹೊಲಿದುಕೊಂಡು ಕೂರುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೆ.

ಪದಕ ಹಾಕಿದರು, ಚಪ್ಪಾಳೆ ಬಿತ್ತು. ಪೋಸ್ಟ್‌ಮಾಸ್ಟರು ನನ್ನ ಭಾಷಣ ಓದಿದರು. ಓದಿದ್ದು ಚೆನ್ನಾಗಿಯೇ ಇತ್ತು. ನನ್ನ ಒಂದು ವಾಕ್ಯಕ್ಕೆ ಜನ ನಕ್ಕರು, ಇನ್ನೊಂದು ವಾಕ್ಯಕ್ಕೆ ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಭಾಷಣ ಮುಗಿದಾಗ ನಾನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಪೋಸ್ಟ್‌ಮಾಸ್ಟರ ನೆತ್ತಿಗೇರಿದ್ದು ನನಗೆ ಕೂತಲ್ಲಿಂದಲೇ ಕಂಡಿತು. ಬೆನ್ನು ನೆಟ್ಟಗಾಯಿತು, ಕೈ ಮೀಸೆಗೆ ಹೋಯಿತು. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ಅವರೇ ಕೇಳಿಬಿಟ್ಟರು.

ಒಬ್ಬ ಎದ್ದ. ಮೊನ್ನೆ ಮೊನ್ನೆಯವರೆಗೆ ಲಾರಿ ಓಡಿಸುತ್ತಿದ್ದವನಂತೆ, ಇದ್ದದ್ದನ್ನೆಲ್ಲ ಹಾಕಿ ಎರಡೆಕರೆ ಕೊಂಡು ಮೊದಲ ಸಲ ಈರುಳ್ಳಿ ಇಟ್ಟಿದ್ದಾನೆ. ಗಿಡಗಳೆಲ್ಲ ಕತ್ತು ಬಾಗಿಸಿ ನೆಲಕ್ಕೆ ಬಿದ್ದಿವೆ, ಏನು ಮಾಡಲಿ ಅಜ್ಜಾ ಎಂದು ಕೇಳಿದ. ಪತ್ರ ಬರೆಯಿರಿ, ಪತ್ರ ಬರೆಯಿರಿ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಟ್ಟೆ. ಪೋಸ್ಟ್‌ಮಾಸ್ಟರು ಒಂದು ಕ್ಷಣವೂ ತಡೆಯಲಿಲ್ಲ. ಬಾಯಾರಿಕೆ ಮಗಾ, ಗಿಡಕ್ಕೆ ಬಾಯಾರಿಕೆ, ಇವತ್ತಿಂದಲೇ ಐದು ದಿನ ತುಂಬ ನೀರು ಬಿಡು ಎಂದರು.

ಅದು ಶುದ್ಧ ತಪ್ಪು. ಆದರೂ ಸುಮ್ಮನಿದ್ದೆ. ಗೋದಾಮಿನಲ್ಲಿ ಈರುಳ್ಳಿ ಬೆಳೆದು ತಲೆ ನರೆತವರು ನೂರು ಜನ ಇದ್ದಾರೆ, ಯಾರಾದರೂ ಅಲ್ಲ ಎಂದಾರು ಎಂದು ಕಾದೆ. ಯಾರೂ ಎನ್ನಲಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಮೂವತ್ತು ವರ್ಷದಿಂದ ಈರುಳ್ಳಿಯನ್ನೇ ಬೆಳೆಯುವ ಒಬ್ಬರಿದ್ದರು, ನಾನೇ ಅವರ ಹೊಲಕ್ಕೆ ಮೂರು ಸಲ ಹೋಗಿದ್ದೇನೆ. ಅವರು ಪಕ್ಕದವರ ಕಡೆ ತಿರುಗಿ, ನಾವಿಷ್ಟು ದಿನ ತಪ್ಪು ಮಾಡ್ತಿದ್ವೋ ಏನೋ, ಅಜ್ಜ ಹೇಳಿದ ಮೇಲೆ ಮುಗೀತು ಎಂದರು. ಹಾಗೆಂದು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು: ಐದು ದಿನ ನೀರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನರಲ್ಲ ಅವರು. ಅವರಿಗೆ ಗೊತ್ತಿದ್ದದ್ದನ್ನೇ ಅವರು ಬಿಟ್ಟುಕೊಟ್ಟದ್ದು ನನ್ನ ಮೇಲಿನ ನಂಬಿಕೆಯಿಂದ. ಆ ನಂಬಿಕೆಯನ್ನು ಮೂವತ್ತೊಂದು ವರ್ಷ ಒಂದೊಂದೇ ಗುರುವಾರ ಕೂಡಿಸಿದವಳು ನಾನು. ಅದೇ ಈಗ ಆ ನೂರು ಜನರ ಬೆಳೆ ಕೊಳೆಸಲು ಹೊರಟಿತ್ತು.

ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. ನನ್ನವರು ಕೈ ಹಿಡಿದೆಳೆದರು, ಕೊಸರಿಕೊಂಡೆ.

"ನೀರು ಬಿಡಬೇಡಿ," ಎಂದೆ. "ಕತ್ತು ಬಾಗಿದೆ ಅಂದ್ರೆ ಗಡ್ಡೆ ಬಲಿತಿದೆ ಅಂತ. ಈಗ ನೀರು ಬಿಟ್ರೆ ಚೀಲದಲ್ಲೇ ಕೊಳೆಯುತ್ತೆ. ನೀರು ನಿಲ್ಲಿಸಿ, ಒಣಗಕ್ಕೆ ಬಿಟ್ಟು ಕೀಳಿ."

ಅಧ್ಯಕ್ಷೆ ಮೈಕನ್ನು ತಮ್ಮ ಕಡೆ ಎಳೆದುಕೊಂಡು, ಅಜ್ಜನ ಮಾತಿಗೆ ಅಡ್ಡ ಬರೋಕೆ ನೀವ್ಯಾರಮ್ಮ ಎಂದು ಕೇಳಿದರು. ಹೇಳಿಯೇಬಿಟ್ಟೆ.

"ಅಜ್ಜ ನಾನೇ."

ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಗೋದಾಮು ನಕ್ಕಿತು. ಮರಿ ಸಂಪಾದಕ ಎದ್ದು, ಮೇಡಂ ನಮ್ಮ ಕಚೇರಿಯವರೇ, ಇತ್ತೀಚೆಗೆ ಸ್ವಲ್ಪ ಆರೋಗ್ಯ ಸರಿಯಿಲ್ಲ ಎಂದ. ನನ್ನ ಕಾಗದದ ದೋಣಿ ಮಾಡುತ್ತಿದ್ದವನು ಹೇಳಿದ ಮಾತು ಅದು. ಸಿಟ್ಟು ಬಂದರೆ ನನಗೆ ಭಯ ಓಡಿಹೋಗುತ್ತದೆ. ನೇರ ವೇದಿಕೆಗೆ ನಡೆದೆ. ಅಷ್ಟರಲ್ಲಿ ಮುಂದಿನ ಸಾಲಿನ ಈರುಳ್ಳಿಯವರು ಎದ್ದು, ಆದರೆ ಆಯಮ್ಮ ಹೇಳಿದ್ದೇ ಸರಿ, ನಮ್ಮಪ್ಪನೂ ಹಾಗೇ ಮಾಡ್ತಿದ್ರು ಎಂದು ಅಂಗೈ ಉಜ್ಜಿಕೊಂಡರು. ನೂರು ಈರುಳ್ಳಿಯವರು ಹೌದು ಹೌದು ಎಂದರು. ನಗು ನಿಂತಿತು. ಅಧ್ಯಕ್ಷೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ಸಂತೆಯಲ್ಲಿ ಹಸು ನೋಡುವ ಹಾಗೆ. ಸರಿ, ನೀವೇ ಅಜ್ಜ ಅಂತೀರಲ್ಲ, ಜನ ಚೀಲ ತಂದಿದ್ದಾರೆ, ಉತ್ತರ ಹೇಳಿ ಎಂದರು.

ಹೀಗೆ ನಾನು ಐವತ್ತೈದನೇ ವಯಸ್ಸಿನಲ್ಲಿ ಪರೀಕ್ಷೆಗೆ ಕೂತೆ.

ಒಬ್ಬಳು ಒಂದು ಹಿಡಿ ಮಣ್ಣು ತಂದು, ಇದರಲ್ಲಿ ಹುರುಳಿಕಾಯಿ ಗಿಡ ಯಾಕೆ ಹಳದಿಯಾಗುತ್ತೆ ಎಂದಳು. ಭಾಷಣಕಾರರ ಲೋಟದ ನೀರನ್ನೇ ನಾಲ್ಕು ಹನಿ ಹಾಕಿ ಕಲಸಿ, ಬೆರಳ ನಡುವೆ ಹೊಸೆದು ದಾರ ಮಾಡಿ, ಉಂಗುರದ ಹಾಗೆ ಬಗ್ಗಿಸಿದೆ. ಬಿರುಕು ಬಿಡಲಿಲ್ಲ. ಅಪ್ಪಟ ಜೇಡಿ, ಬೇರು ಉಸಿರು ಕಟ್ಟುತ್ತಿದೆ, ಏರು ಮಡಿ ಮಾಡಿ ಹಾಕು ಎಂದೆ. ಒಬ್ಬ ಮೆಕ್ಕೆಜೋಳ ತಂದು, ಗೋದಾಮಿಗೆ ತುಂಬಬಹುದಾ ಎಂದ. ಒಂದು ಕಾಳು ಹಲ್ಲಿಗೆ ಕೊಟ್ಟೆ. ಕಟ್ ಎನ್ನಲಿಲ್ಲ, ಮೆತ್ತಗೆ ಒತ್ತಿತು. ಇನ್ನೂ ಎರಡು ದಿನ ಬಿಸಿಲು ಬೇಕು, ಈಗ ತುಂಬಿದರೆ ಬೂಸು ಹಿಡಿಯುತ್ತದೆ ಎಂದೆ. ಇನ್ನೊಬ್ಬರು, ಹನ್ನೆರಡು ವರ್ಷದ ಹಿಂದೆ ನನ್ನ ಪತ್ರಕ್ಕೆ ಅಜ್ಜ ಏನು ಉತ್ತರ ಕೊಟ್ಟಿದ್ದರು ಹೇಳಿ ನೋಡೋಣ ಎಂದು ಹೆಸರು ಹೇಳಿದರು. ನಿಮ್ಮ ಪತ್ರ ಹಸಿರು ಶಾಯಿಯದ್ದು, ಬದನೆಯ ಕುಡಿ ಬಾಡುವ ವಿಷಯ, ಒಳಗೆ ಹುಳ ಇದೆ ಕತ್ತರಿಸಿ ಸುಡಿ ಎಂದು ಬರೆದಿದ್ದೆ, ನೀವು ಅದಕ್ಕೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ ಎಂದೆ. ಜನ ಹೋ ಎಂದರು. ಗಂಟೆ ಕಳೆಯಿತು, ಇನ್ನೊಂದು ಗಂಟೆ ಕಳೆಯಿತು. ನನಗೆ ಹಸಿವಿಲ್ಲ, ಬಾಯಾರಿಕೆಯಿಲ್ಲ. ಪೋಸ್ಟ್‌ಮಾಸ್ಟರು ತಾವು ಕೂತಿದ್ದ ಕುರ್ಚಿಯನ್ನು ತಂದು ನನ್ನ ಹಿಂದೆ ಇಟ್ಟು, ತಾವು ಪಕ್ಕದಲ್ಲಿ ನಿಂತರು. ಆಗಲೂ ಹಿಂದಿನ ಬೆಂಚುಗಳಲ್ಲಿ ಗುಸುಗುಸು ಇತ್ತು. ಕಚೇರಿಯವಳಲ್ಲವೇ, ಪತ್ರ ಓದಿ ಬಾಯಿಪಾಠ ಮಾಡಿರಬಹುದು ಎನ್ನುವುದು ನನ್ನ ಕಿವಿಗೂ ಬಿತ್ತು.

ಆಗ ಬಡಕಲು ಮೈಯ ಒಬ್ಬ ಮುದುಕರು ಕೋಲೂರಿ ಬಂದರು. ಆಲೂಗಡ್ಡೆಯವರು. ನನಗೆ ಗುರುತು ಸಿಕ್ಕಿತು, ಅವರಿಗೆ ನನ್ನದು ಸಿಕ್ಕಿತೋ ಇಲ್ಲವೋ ಮುಖ ನೋಡಿ ತಿಳಿಯಲಿಲ್ಲ. ಜೇಬಿನಿಂದ ಒಂದು ಎಲೆ ತೆಗೆದು ಕೊಟ್ಟರು. ಎಲೆಯ ಮೇಲೆ ಬೂದುಬಣ್ಣದ ಬಳೆಗಳು, ಬಳೆಯೊಳಗೆ ಬಳೆ. ಇದೇನು ರೋಗ ಹೇಳಮ್ಮ ಎಂದರು.

ಬೆಳಕಿಗೆ ಹಿಡಿದು ನೋಡಿದೆ. ತಿರುಗಿಸಿ ನೋಡಿದೆ, ಮೂಸಿದೆ, ಉಗುರಿನಿಂದ ಕೆರೆದೆ. ಗೊತ್ತಿರುವ ಯಾವುದೂ ಅಲ್ಲ. ನಾನೂರು ಜನ ಕಾಯುತ್ತಿದ್ದರು. ಮರಿ ಸಂಪಾದಕ ಮುಂದಕ್ಕೆ ಬಾಗಿದ. ಏನೋ ಒಂದು ಹೆಸರು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಷ್ಟು ಹೊತ್ತು ಗೆದ್ದದ್ದೆಲ್ಲ ಈ ಒಂದು ಎಲೆಯಲ್ಲಿ ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಅಂಕಣ, ಹೆಸರು, ಎರಡೂ. ಕಣ್ಣಲ್ಲಿ ನೀರು ಬಂತು. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎನ್ನುವುದು ಹೇಗೆ?

"ಗೊತ್ತಿಲ್ಲ ಯಜಮಾನ್ರೇ," ಎಂದೆ. "ಇಂಥದ್ದು ನಾನು ನೋಡಿಲ್ಲ. ಗಿಡ ನೋಡದೆ ಹೇಳಲಾರೆ. ಸೋಮವಾರ ಬರ್ತೀನಿ."

ಅವರು ನನ್ನ ಕೈಯಿಂದ ಎಲೆ ವಾಪಸು ತೆಗೆದುಕೊಂಡು, ಮಡಿಸಿ ಜೇಬಿಗಿಟ್ಟು, ಜನರ ಕಡೆ ತಿರುಗಿದರು. ಮೈಕು ಬೇಡವೆಂದರು.

"ಇದೇ ಎಲೇನ ಬೆಳಿಗ್ಗೆ ಅಂಗಳದಲ್ಲಿ ಈ ಮೀಸೆಯವರಿಗೆ ತೋರಿಸಿದೆ. ಕಣ್ಣು ಮಿಟುಕಿಸೋದ್ರಲ್ಲಿ ರೋಗದ ಹೆಸರು ಹೇಳಿದ್ರು, ಔಷಧದ ಹೆಸರೂ ಹೇಳಿದ್ರು. ಆಗಲೇ ನನಗೆ ಅನುಮಾನ ಬಂತು. ನಮ್ಮಜ್ಜ ಹಂಗಲ್ಲ." ಅವರು ಕೋಲನ್ನು ನನ್ನ ಕಡೆ ಎತ್ತಿದರು. "ನನ್ನ ಆಲೂಗಡ್ಡೆ ಕೊಳೆಸಿದೋರು ಇವರೇ. ತಪ್ಪು ನನ್ನದು ಅಂತ ಬರೆದೋರೂ ಇವರೇ. ಗೊತ್ತಿಲ್ಲ ಅಂತ ಇಷ್ಟು ಜನದ ಮುಂದೆ ಹೇಳೋ ಧೈರ್ಯ ಇನ್ಯಾರಿಗಿದೆ? ಅಜ್ಜ ಇವರೇ ಕಣ್ರಯ್ಯಾ."

ಆಮೇಲೆ ಎದ್ದ ಗಲಾಟೆಯನ್ನು ನಾನು ಬರೆಯಲಾರೆ. ಬೆಂಚುಗಳು ಬಿದ್ದವು. ಚೀಲಗಳು ಮೇಲಕ್ಕೆ ಹಾರಿದವು, ಯಾರದೋ ಬದನೆಕಾಯಿ ಮರಿ ಸಂಪಾದಕನ ಹೆಗಲಿಗೆ ಬಡಿಯಿತು, ಬೇಕೆಂದೇ ಎಸೆದರೋ ಏನೋ ನಾನು ವಿಚಾರಿಸಲಿಲ್ಲ. ಪೋಸ್ಟ್‌ಮಾಸ್ಟರು ಪದಕ ತೆಗೆದು ನನ್ನ ಕೊರಳಿಗೆ ಹಾಕಿ, ಪತ್ರ ಸರಿಯಾದ ವಿಳಾಸಕ್ಕೆ ತಲುಪಿತಮ್ಮ, ತಡವಾಯ್ತು, ತಪ್ಪಾಯ್ತು ಎಂದರು. ಅಧ್ಯಕ್ಷೆ ನನ್ನ ಕಿವಿಯ ಹತ್ತಿರ ಬಂದು ಹೆಸರು ಕೇಳಿ, ಅದನ್ನು ಮೈಕಿನಲ್ಲಿ ಮೂರು ಸಲ ಕೂಗಿದರು. ಜನ ಪ್ರತಿ ಸಲವೂ ತಿರುಗಿ ಕೂಗಿದರು. ನನ್ನ ಹೆಸರನ್ನು ಒಟ್ಟಿಗೆ ಇಷ್ಟು ಬಾಯಿಗಳು ಹೇಳಿದ್ದು ಅದೇ ಮೊದಲು. ನಾನು ನಾಚಿಕೆ ಬಿಟ್ಟು ಅತ್ತೆ. ಅಂಕಣ ನಿಲ್ಲಿಸುವ ಯೋಚನೆ ಏನಾದರೂ ಇದೆಯೇ ಎಂದು ಅಧ್ಯಕ್ಷೆ ಮರಿ ಸಂಪಾದಕನನ್ನು ಅದೇ ಮೈಕಿನಲ್ಲಿ ಕೇಳಿದರು. ಅವನು ಛೆ ಛೆ, ಎಲ್ಲಾದರೂ ಉಂಟೇ ಎಂದ. ಎರಡನೇ ಮುದ್ರಣದಲ್ಲಿ ಮೇಡಂ ಹೆಸರೇ ಎಂದೂ ಸೇರಿಸಿದ. ಮೀಸೆಯನ್ನೂ ತೆಗಿಸು ಎಂದೆ ನಾನು.

ಆದರೆ ಜನಕ್ಕೆ ಎರಡನೇ ಮುದ್ರಣದವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಪುಸ್ತಕ ಕೊಂಡು, ಅಜ್ಜನ ಹೆಸರು ಹೊಡೆದು ನಿಮ್ಮದು ಬರೆದುಕೊಡಿ ಎಂದು ಸಾಲು ನಿಂತರು. ಸಾಲು ಗೋದಾಮಿನ ಬಾಗಿಲು ದಾಟಿ ತೂಕದ ಕಟ್ಟೆಯವರೆಗೆ ಹೋಯಿತು. ಲಾರಿಯವನು ಬಂದ, ಈರುಳ್ಳಿಯವರು ಬಂದರು, ಆಲೂಗಡ್ಡೆಯವರು ಬಂದು ಸೋಮವಾರ ಎಷ್ಟು ಗಂಟೆಯ ಬಸ್ಸು ಎಂದು ಖಚಿತ ಮಾಡಿಕೊಂಡು ಹೋದರು. ಮುನ್ನೂರ ಹನ್ನೆರಡು ಪ್ರತಿ. ಮೊದಲ ಹತ್ತರಲ್ಲಿ ಅಕ್ಷರ ಸೊಟ್ಟಗಾದವು, ಇಷ್ಟು ವರ್ಷ ಬರೆದೂ ನನ್ನ ಹೆಸರು ಬರೆಯುವ ಅಭ್ಯಾಸವೇ ಇರಲಿಲ್ಲ ನೋಡಿ. ಪೋಸ್ಟ್‌ಮಾಸ್ಟರು ಪಕ್ಕದಲ್ಲಿ ಕೂತು ಪುಟ ತೆರೆದು ತೆರೆದು ಕೊಟ್ಟರು, ಅಂಚೆ ಮುದ್ರೆ ಒತ್ತುವ ಚುರುಕಿನಲ್ಲಿ.

ಸಾಲಿನ ಕಟ್ಟಕಡೆಗೆ ನನ್ನವರು ನಿಂತಿದ್ದರು. ಎಲ್ಲರಂತೆ ಪುಸ್ತಕ ಕೊಂಡು, ಎಲ್ಲರಂತೆ ಎರಡು ಗಂಟೆ ಕಾದು ಬಂದಿದ್ದರು. ಏನ್ರೀ ಇದು, ಮನೆಯಲ್ಲಿ ಕೇಳಿದ್ದರೆ ಬರೆದುಕೊಡುತ್ತಿರಲಿಲ್ಲವೇ ಎಂದೆ. ಅವರು ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಹೊಲದಜ್ಜ ಎಂಬ ಹೆಸರಿನ ಕೆಳಗಿನ ಖಾಲಿ ಜಾಗಕ್ಕೆ ಬೆರಳಿಟ್ಟು ತೋರಿಸಿದರು.

"ಪೂರ್ತಿ ಹೆಸರು ಬರಿ," ಎಂದರು. "ಜಾಗ ಬೇಕಾದಷ್ಟಿದೆ."

ಪೂರ್ತಿ ಬರೆದೆ. ಒಂದಕ್ಷರವೂ ಸೊಟ್ಟಗಾಗಲಿಲ್ಲ.